ಮೂರು ಚರಗಿ ನೀರು

ರಾತ್ರಿ ಕಾಳಗಿ ಕಡೆಯಿಂದ ಗುಡುಗುತ್ತ ಬಂದ ಮಳಿ
ಅರ್ಧ ತಾಸು ಹೊಡೆದು ಹೋಯ್ತು.
ಹೊಲದವರಿಗೆ ಅದು ಲೆಕ್ಕಕ್ಕಿಲ್ಲ,
ತೊಗರಿ ಕಟಗಿ ತೊಯ್ಯಲಿಕ್ಕೂ ಸಾಲದು.
ನಮ್ಮ ಲೆಕ್ಕ ಶುರುವಾಗಿದ್ದು ಅಲ್ಲಿಂದಲೇ:
ಸ್ಪ್ರೇಯರ್ ಟ್ಯಾಂಕಿನ ಮುಚ್ಚಳ
ಹಾಕಿದವರು ಯಾರು?

ಮುಂಜಾನಿ ಬಂಡೆಪ್ಪ ಸೂಪರ್‌ವೈಜರ್
ಬೈಕಿನಿಂದ ಇಳಿಯೋಕಿಂತ ಮೊದಲೇ ಕೂಗಿದ:
"ಏ ಮಾಳ್ಯಾ, ಬಾಯ್ಲರಿನಾಗ ಮಾಲು ಕಾದಾದ, ಜಲ್ದಿ ತುಂಬಿಸು.
ಹನ್ನೊಂದಕ್ಕ ಸಾಹೇಬರು ಬರ್ತಾರ,
ಹಳ್ಳದ ಸೇತುವಿ ತನಕ ರಸ್ತೆ ಕರೀ ಕಾಣಬೇಕು."
ಹೋಸಿನ ಬಾಯಿ ಮುಚ್ಚಳದ ತನಕ ಒಯ್ದಿದ್ದೆ ಸೈತ.

ಆಗ ಕಣ್ಣ ಮುಂದ ಬಂದದ್ದು
ಮಶಾಕ ಚಾಚಾನ ಮಣಿಕಟ್ಟು.

ಇಪ್ಪತ್ತೆರಡು ವರ್ಷ ಈ ಕೊಳವಿ ಹಿಡಿದಾಂವ,
ಹುಮನಾಬಾದದಿಂದ ಸುರಪುರದ ತನಕ
ಯಾವ ತಿರುವು ತನ್ನದು ಅಂತ ಬಸ್ಸಿನಾಗ ಕುಂತು ಹೇಳಾಂವ.
ಎಡಗೈ ಮಣಿಕಟ್ಟಿನ ಮ್ಯಾಲ ಚರ್ಮ ಇರಲಿಲ್ಲ,
ಚರ್ಮದಂಥಾದ್ದು ಏನೋ ಇತ್ತು,
ತಿಕ್ಕಿದ ಶಹಾಬಾದಿ ಪರಸಿ ಹಂಗ ನುಣ್ಣಗ,
ಕೂದಲಿಲ್ಲ, ಬೆವರಿಲ್ಲ.
ಅದನ್ನ ತೋರಿಸಿಯೇ ಪಾಠ:

"ತೋಳು ಇಳಿಸು. ಪ್ಯಾಂಟು ಬೂಟಿನ ಹೊರಗ ಬಿಡು,
ಒಳಗ ತುರುಕಿದರ ಬೂಟೇ ಬೋಗುಣಿ ಆಗತದ.
ಗಾಳಿ ಬೆನ್ನಿಗಿರಲಿ. ಥರ್ಮಾಮೀಟರ್ ನೋಡು,
ಮೂಗಿನ ಅಂದಾಜು ಚಹಾಕ್ಕ ಸಾಕು, ಡಾಂಬರಿಗೆ ಅಲ್ಲ.
ಬರ್ನರಿನ ಪೈಪು ಮಾಲಿನಾಗ ಮುಳುಗಿರಬೇಕು,
ಬತ್ತಲಿ ಪೈಪಿಗೆ ಬೆಂಕಿ ಕೊಟ್ಟಾವನ ಹೆಸರು
ಆಮ್ಯಾಲ ಮಂದಿ ಹೇಳ್ತಾರ, ಅವ ಹೇಳಲ್ಲ."
ಕಡೀಕ ದನಿ ಇಳಿಸಿ,
ಮಗ್ಗಲಿಗೆ ಕುಂತು ಯಾರೋ ಕೇಳಿಸಿಕೊಂಡಾರು ಅನ್ನೋ ಹಂಗ:
"ನೀರಿಗೆ ಅಂಜು."

ಈ ನೆಲದಾಗ ಹುಟ್ಟಿ ನೀರಿಗೆ ಅಂಜೋದಾ?
ನಮ್ಮವ್ವ ಎರಡು ಕೊಡಕ್ಕ
ಟ್ಯಾಂಕರಿನ ಮುಂದ ಜಡಿ ಹಿಡಿದು ಜಗಳಾಡಿದಾಕಿ.
ನಾ ನಕ್ಕೆ. ಚಾಚಾ ನಗಲಿಲ್ಲ.
"ಒಂದು ಚರಗಿ ಸಾಕು. ತಳದಾಗ ಅದು ಕುಂತಿರಲಿ,
ಮ್ಯಾಲಿಂದ ಕಾದ ಡಾಂಬರು ಬೀಳಲಿ,
ಹಾಲು ಉಕ್ಕಿದಂಗ ಉಕ್ಕತದ.
ಒಲಿ ಮುಂದ ನಿಂತಾವ ನೀನೇ."

ಹೋಸು ಕೆಳಗಿಟ್ಟೆ.
ಟ್ಯಾಂಕಿನ ಹೊಟ್ಟಿ ಕೆಳಗ ಅಂಗಾತ ಮಲಗಿ
ತಳದ ಕಾಕ್ ತಿರುವಿದೆ.
ನಿನ್ನೆ ಸಂಜಿ ಡೀಜಲ್ ಹಾಕಿ ತೊಳೆದಿದ್ದಕ್ಕ ತಿರುಗಿತು.
ಮೊದಲು ಏನೂ ಬರಲಿಲ್ಲ.
ಬಂಡೆಪ್ಪ ಹೊರಗ ನಿಂತು ನನ್ನ ಬೂಟಿನ ಜೋಡಿ ಮಾತಾಡುತ್ತಿದ್ದ:
ಇವತ್ತಿನ ಹಾಜರಿ, ಬಾಕಿ ಬಿಲ್ಲು, ನಮ್ಮ ವಂಶ.
ಆಮ್ಯಾಲ ಗದ್ದದ ಮ್ಯಾಲ ಒಂದು ಹನಿ.
ಆಮ್ಯಾಲ ಒಂದು ದಾರ,
ತಣ್ಣಗ, ಜಿಡ್ಡು ಜಿಡ್ಡು, ರಾತ್ರಿಯ ಮಳಿ.
ಚಾಂದಿಬಾಯಿ ಕಸಬರಿಗಿ ಒಗೆದು ಚರಗಿ ಹಿಡಿದಳು.
ತುಂಬಿತು. ಚೆಲ್ಲಿದಳು. ಮತ್ತ ತುಂಬಿತು.
ಮೂರನೇದಕ್ಕ ಬಂಡೆಪ್ಪ ಸುಮ್ಮನಾದ.

ಟ್ಯಾಂಕು ಒಣಗೋದರಾಗ ಎರಡು ಬಡೀತು.
ಸಾಹೇಬರು ಬಂದರು, ಬರೇ ಕಂಕರಿನ ರಸ್ತೆಯ ಫೋಟೋ ತೆಗೆದರು,
ಗಾಡಿಯ ಕಾಜು ಏರಿಸಿಕೊಂಡು ಹೋದರು.
ನಾಕಕ್ಕ ಗುರುತಿನ ಮ್ಯಾಲ ಕಾಗದ ಹಾಸಿ ಕೊಳವಿ ಬಿಟ್ಟೆ.
ನಾಜಲಿನಿಂದ ಕರೀ ಬೀಸಣಿಗಿ ಬಿಚ್ಚಿಕೊಂಡಿತು,
ಹೊಗಿ ನನ್ನ ಬಿಟ್ಟು ಸೇತುವಿ ಕಡೆ ನಡೀತು.

ಹಿಂದಿಂದ ಚಾಂದಿಬಾಯಿ, ಎರಡು ತುಂಬಿದ ಕೊಡ.
ಅದೂ ಚಾಚಾ ಹೇಳಿದ್ದೇ:
"ಮೈಗೆ ಸಿಡಿದರ ಮಾತ್ರ ನೀರೇ ಗತಿ.
ಕೀಳಬ್ಯಾಡ, ಸೀಮೆಎಣ್ಣಿ ಮುಟ್ಟಿಸಬ್ಯಾಡ,
ಹೊಯ್ಯಿ, ಹೊಯ್ಯಿ, ದವಾಖಾನಿ ಬರೋ ತನಕ ಹೊಯ್ಯಿ.
ನನಗ ಆ ದಿನ ಹೊಯ್ಯಲಿಕ್ಕ ನೀರಿರಲಿಲ್ಲ.
ಕಿತ್ತರು."

ಸಂಜಿಗೆ ಕೊಡ ತುಂಬಿದ್ದು ತುಂಬಿದಂಗೇ ಇದ್ದವು.
ಒಂದನ್ನ ದಾರಿ ದಾಟುತ್ತಿದ್ದ ಎಮ್ಮಿಗೆ ಕುಡಿಸಿದಳು.
ಇನ್ನೊಂದರಾಗ ನಾವು ಕೈ ತೊಳಕೊಂಡೆವು.
ಎಡಗೈ ಮಣಿಕಟ್ಟಿನ ಮ್ಯಾಲ
ಕೂದಲು ಒದ್ದಿಯಾಗಿ ಮಲಗಿದವು.